ಹಿಂದಕ್ಕೆ ತಿರುಗದವರು ಬೆಟ್ಟ ಸುತ್ತಿದ ದಿನ

ನನ್ನ ಗಂಡನಿಗೂ ಅವನ ತಂಗಿಗೂ ಮಾತು ನಿಂತು ಆ ಭಾನುವಾರಕ್ಕೆ ಹದಿನಾಲ್ಕು ತಿಂಗಳಾಗಿತ್ತು. ಬೇರೆ ಮನೆಗಳಲ್ಲಿ ಮಾತು ಬಿಟ್ಟವರು ದೂರ ದೂರ ಇರುತ್ತಾರೆ, ಎಲ್ಲಾದರೂ ಎದುರಾದರೆ ಮುಖ ತಿರುಗಿಸುತ್ತಾರೆ, ಅಲ್ಲಿಗೆ ಮುಗಿಯಿತು. ಇವರಿಬ್ಬರು ದಿನಕ್ಕೆ ಒಂಬತ್ತು ಗಂಟೆ ಒಂದೇ ಅಂಗಡಿಯಲ್ಲಿ, ಒಂದೇ ಬೆಂಚಿನ ಎರಡು ತುದಿಗಳಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಾ ಕೂರುತ್ತಾರೆ. ನಡುವಿನ ಸ್ಟೂಲಿನ ಮೇಲೆ ನಾನು. ಗಿರಾಕಿಗಳನ್ನು ಸುಧಾರಿಸುವುದು ನನ್ನ ಕೆಲಸ ಅಂತ ಹೆಸರಿಗೆ. ನಿಜವಾದ ಕೆಲಸ ಇವರಿಬ್ಬರ ಮಾತು ಹೊರುವುದು.

"ಸಣ್ಣ ಚಿಮ್ಮಟ ಎಲ್ಲಿಟ್ಟಿದಾಳೆ ಕೇಳು."

"ಅವನ ಮೂಗಿನ ಕೆಳಗೇ ಇದೆ ಅಂತ ಹೇಳು."

ನಡುವೆ ಇರುವುದು ನಾಲ್ಕಡಿ ದೂರ. ಇಬ್ಬರಿಗೂ ಕಿವಿ ಚೆನ್ನಾಗಿದೆ. ಆದರೂ ನಾನು ಬಾಯಿಬಿಟ್ಟು ಹೇಳುವವರೆಗೆ ಇಬ್ಬರೂ ಕಲ್ಲಿನ ಹಾಗೆ ಕೂತಿರುತ್ತಾರೆ. ಬೈಗುಳವಾದರೆ ನಾನೇ ಸ್ವಲ್ಪ ಸಕ್ಕರೆ ಬೆರೆಸಿ ದಾಟಿಸುತ್ತಿದ್ದೆ. ಕೊನೆಕೊನೆಗೆ ನನ್ನ ಸ್ವಂತದ ಮಾತು ಯಾವುದು, ಹೊತ್ತು ತಂದದ್ದು ಯಾವುದು ಅನ್ನುವುದೇ ಮರೆತುಹೋಗುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಗೀರು. ಈ ಕಸುಬಿನವರಲ್ಲಿ ಒಂದು ಪದ್ಧತಿಯಿದೆ: ರಿಪೇರಿ ಮುಗಿದ ಮೇಲೆ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತು ಮತ್ತು ತಾರೀಖು ಗೀರುತ್ತಾರೆ. ಹೊರಗಿನವರಿಗೆ ಕಾಣುವುದಿಲ್ಲ, ಮುಂದೆ ಅದನ್ನು ಬಿಚ್ಚುವವರಿಗೆ ಮಾತ್ರ ಕಾಣುತ್ತದೆ. ನನ್ನ ನಾದಿನಿ ಹಲ್ಲಿನ ಡಾಕ್ಟರರ ಹಳೇ ಜೇಬುಗಡಿಯಾರವನ್ನು ಹನ್ನೊಂದು ದಿನ ಕೂತು ಸರಿಮಾಡಿ, ಗುರುತು ಗೀರಿ, ಮುಚ್ಚಿ ಇಟ್ಟಿದ್ದಳು. ಡಾಕ್ಟರರಿಗೆ ಕೊಟ್ಟಾದ ಮೇಲೆ ಗಾಜು ಒಡೆದು ಅದು ವಾಪಸು ಬಂತು. ತೆರೆದು ನೋಡಿದರೆ ಅವಳ ತಾರೀಖಿನ ಕೆಳಗೆ, ಎರಡೇ ದಿನದ ನಂತರದ ತಾರೀಖಿನಲ್ಲಿ, ಅಣ್ಣನ ಗುರುತು! ಅಂದರೆ ಇವಳ ಕೆಲಸ ಸರಿಯಿರಲಿಲ್ಲ, ಗಿರಾಕಿಗೆ ಕೊಡುವ ಮೊದಲು ಅಣ್ಣ ಕದ್ದುಮುಚ್ಚಿ ಮತ್ತೆ ರಿಪೇರಿ ಮಾಡಿದ ಅಂತ ಲೋಕಕ್ಕೆಲ್ಲ ಸಾಕ್ಷಿ. ನಾದಿನಿ ಮುಚ್ಚಳ ಹಾಕಿ ಗಡಿಯಾರ ಕೆಳಗಿಟ್ಟಳು. ಅವತ್ತು ಮುಚ್ಚಿದ ಬಾಯಿ ಮತ್ತೆ ಅಣ್ಣನ ಕಡೆಗೆ ತೆರೆಯಲಿಲ್ಲ. ಯಾಕೆ ಹೀಗೆ ಮಾಡಿದೆ ಅಂತ ನಾನು ಗಂಡನನ್ನು ಕೇಳಿದ್ದಕ್ಕೆ, "ನಿನಗೆ ಗೊತ್ತಾಗಲ್ಲ ಬಿಡು," ಅಂದ. ನಾನು ಬೇಕರಿ ಮನೆಯಿಂದ ಬಂದವಳು. ಹಿಟ್ಟು ನಾದುವವರಿಗೆ ಸೂಕ್ಷ್ಮ ವಿಷಯ ತಿಳಿಯುವುದಿಲ್ಲ ಅನ್ನುವುದು ಆ ಮನೆತನದ ನಂಬಿಕೆ.

ಅಷ್ಟಕ್ಕೇ ನಿಂತಿದ್ದರೆ ಇಬ್ಬರೂ ಹೀಗೇ ಹಣ್ಣಾಗಿ ಹೋಗಲಿ ಅಂತ ಬಿಟ್ಟುಬಿಡುತ್ತಿದ್ದೆ. ಆದರೆ ಊರ ಚೌಕದ ಗೋಪುರದ ಗಡಿಯಾರವೂ ನಮ್ಮ ಅಂಗಡಿಯದೇ ಜವಾಬ್ದಾರಿ. ಅದು ನಡೆಯುವುದು ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಮುನ್ನೂರು ಕಿಲೋದ ಗುಂಡಿನಿಂದ. ಹಗ್ಗ ನೋಡಬೇಕಾದರೆ ಆ ಗುಂಡನ್ನು ನೆಲಕ್ಕಿಳಿಸಬೇಕು. ಮೇಲೆ ಅಣ್ಣ ಹಿಡಿಕೆ ತಿರುಗಿಸುತ್ತಾ ಬಿಡುತ್ತಾನೆ, ಕೆಳಗೆ ಬಾವಿಯಂಥ ಇಕ್ಕಟ್ಟಿನಲ್ಲಿ ತಂಗಿ ನಿಂತು ಅದನ್ನು ಮರದ ದಿಮ್ಮಿಯ ಮೇಲೆ ಕೂರಿಸುತ್ತಾಳೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಎಲ್ಲ ಕೂಗಿನ ಮೇಲೇ ನಡೆಯಬೇಕು. ಮಾತೇ ಇಲ್ಲದವರು ಏನು ಕೂಗುತ್ತಾರೆ? ಹೋದ ತಿಂಗಳು ನಾನು ನಡುವಿನ ಮೆಟ್ಟಿಲಲ್ಲಿ ನಿಂತಿದ್ದೆ. ಕೆಳಗಿಂದ ನಾದಿನಿ, "ನಿಲ್ಲಿಸೋಕೆ ಹೇಳು," ಅಂದಳು. ನಾನು ಬಾಯಿ ತೆರೆದೆ, ಪಾರಿವಾಳದ ಧೂಳಿಗೆ ಸೀನು ಬಂತು. ಸೀನಿ ಮುಗಿಸುವಷ್ಟರಲ್ಲಿ ಗುಂಡು ದಡ್ಡನೆ ಬಿದ್ದು, ದಿಮ್ಮಿ ಸೀಳಿ, ನಾದಿನಿಯ ಕಾಲಿಗೆ ನಾಲ್ಕು ಬೆರಳು ದೂರದಲ್ಲಿ ಕೂತಿತ್ತು. ಅವಳು ಹೊರಗೆ ಬಂದು ಬಟ್ಟೆ ಕೊಡವಿಕೊಂಡು, "ಮುಂದಿನ ಸಲ ಮೂಗಿಗೆ ಬಟ್ಟೆ ಕಟ್ಟಿಕೋ ಅತ್ತಿಗೆ," ಅಂದಳು, ಅಷ್ಟೇ. ನಾನು ಮೂರು ರಾತ್ರಿ ನಿದ್ದೆ ಮಾಡಲಿಲ್ಲ.

ಹಗ್ಗ ಸವೆದಿದೆ ಅಂತ ಅವತ್ತೇ ಗೊತ್ತಾಯಿತು. ಹಳೆಯದನ್ನು ತೆಗೆದು ಹೊಸದು ಹಾಕುವ ಕೆಲಸ ಸೋಮವಾರಕ್ಕೆ ನಿಗದಿಯಾಯಿತು. ಇಡೀ ದಿನ ಗುಂಡು ಮೇಲೆ ಕೆಳಗೆ ಓಡಾಡುತ್ತದೆ. ಸೋಮವಾರದೊಳಗೆ ಇವರಿಬ್ಬರ ಬಾಯಿ ಬಿಡಿಸದಿದ್ದರೆ ನನ್ನ ಇನ್ನೊಂದು ಸೀನಿಗೆ ನಾದಿನಿ ಹೋಗಿಬಿಡುತ್ತಾಳೆ ಅನ್ನುವ ಹೆದರಿಕೆ ನನ್ನ ಎದೆಯ ಮೇಲೆ ಕೂತಿತ್ತು.

ಅದಕ್ಕೇ ಬೆಟ್ಟದ ಉಪಾಯ ಹೂಡಿದೆ. ಊರಿಂದ ಒಂದು ಗಂಟೆ ಬಸ್ಸಿನ ದೂರದಲ್ಲಿ ಒಂದು ಬೆಟ್ಟವಿದೆ. ಅದರ ಸೊಂಟಕ್ಕೆ ಸುತ್ತು ಹಾಕಿ ಹೊರಟಲ್ಲಿಗೇ ಬರುವ ಒಂಬತ್ತು ಕಿಲೋಮೀಟರಿನ ಕಾಲುದಾರಿ. ಎಲೆ ಹಣ್ಣಾಗುವ ಕಾಲದಲ್ಲಿ ಜನ ಅಲ್ಲಿಗೆ ಮುಗಿಬೀಳುತ್ತಾರೆ. ಮನೆ ಮುಂದೆ ಎಲೆ ಉದುರಿದರೆ ಶಾಪ ಹಾಕುತ್ತಾ ಪೊರಕೆ ಹಿಡಿಯುವವರೇ ಇಲ್ಲಿ ಬಸ್ಸು ಹತ್ತಿ ಬಂದು "ಆಹಾ" ಅನ್ನುತ್ತಾರೆ. ಬೆಟ್ಟದ ಆಚೆ ಬದಿಯಲ್ಲಿ ಬಂಡೆಗೆ ಸರಪಳಿ ಬಡಿದ ಒಂದು ಇಕ್ಕಟ್ಟಿದೆ. ಎದುರಿನಿಂದ ಯಾರಾದರೂ ಬಂದರೆ "ಸ್ವಲ್ಪ ಸರೀರಿ" ಅನ್ನದೆ ದಾಟುವ ಹಾಗಿಲ್ಲ. ನಾದಿನಿಯನ್ನು ಎಡದಾರಿಯಲ್ಲಿ, ಗಂಡನನ್ನು ಬಲದಾರಿಯಲ್ಲಿ ಕಳಿಸಿದರೆ ಇಬ್ಬರೂ ಅಲ್ಲಿ ಮುಖಾಮುಖಿ ಆಗಲೇಬೇಕು. ಕನಿಷ್ಠ "ಸರಿ" ಅಂತಾದರೂ ಅನ್ನಲೇಬೇಕು. ಒಂದು ಮಾತು ಹೊರಬಿದ್ದರೆ ಉಳಿದದ್ದು ಅದರ ಹಿಂದೆ ಬರುತ್ತದೆ ಅನ್ನುವುದು ನನ್ನ ಲೆಕ್ಕಾಚಾರ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ನಾದಿನಿಗೆ, "ನೀನು ಮೊದಲನೇ ಬಸ್ಸಿಗೆ ಹೋಗಿ ಎಡಗಡೆಯಿಂದ ಸುತ್ತು ಹಾಕು. ನಾನು ಮುಂದಿನ ಬಸ್ಸಿಗೆ ಬಂದು ಬಲಗಡೆಯಿಂದ ಬರ್ತೀನಿ, ಮಧ್ಯದಲ್ಲಿ ಸಿಗೋಣ," ಅಂದೆ. ಮರುಮಾತಿಲ್ಲದೆ ಒಪ್ಪಿದಳು. ಗಂಡನಿಗೆ, ಡಾಕ್ಟರು ನನಗೆ ನಡೆಯೋಕೆ ಹೇಳಿದಾರೆ ಅಂತ ಸುಳ್ಳು ಹೇಳಿ ಎಳೆದುಕೊಂಡು ಬಂದೆ. ಬೆಟ್ಟದ ಬುಡದಲ್ಲಿ ದಾರಿಯ ನಕ್ಷೆ ಬರೆದ ದೊಡ್ಡ ಹಲಗೆ, ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುವ ಕಾವಲುಗಾರ.

"ನೀನು ಬಲಗಡೆಯಿಂದ ಹೋಗು," ಅಂದೆ ಗಂಡನಿಗೆ. "ನನಗೆ ಮಂಡಿ ನೋವು ಶುರುವಾಯ್ತು. ಇಲ್ಲೇ ಕೂತಿರ್ತೀನಿ."

ಅವನು ಹಲಗೆಯನ್ನು ಅಂಗಡಿಗೆ ಬಂದ ಕೆಟ್ಟ ಗಡಿಯಾರವನ್ನು ನೋಡುವ ಹಾಗೆ ನೋಡಿದ. "ನಾವು ನಿಂತಿರೋದು ಆರರ ಜಾಗದಲ್ಲಿ. ಇಲ್ಲಿಂದ ಏಳಕ್ಕೆ ಹೋಗ್ಬೇಕು. ನೀನು ಐದಕ್ಕೆ ಹೋಗು ಅಂತಿದೀಯ."

"ಇದು ಬೆಟ್ಟ ಕಣೋ, ಗಡಿಯಾರ ಅಲ್ಲ."

"ಸುತ್ತು ಅಂದ್ಮೇಲೆ ಸುತ್ತೇ. ಹಿಂದಕ್ಕೆ ತಿರುಗಿಸಬಾರದು."

ಆಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಈ ಮನೆಯಲ್ಲಿ ಇಪ್ಪತ್ತಾರು ವರ್ಷ ಬಾಳಿದ ನನಗೆ ಇದು ಹೊಳೆಯಬೇಕಿತ್ತು. ಗಂಟೆ ಹೊಡೆಯುವ ಹಳೇ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ. ತೀರಿಹೋದ ನನ್ನ ಮಾವ ಇದನ್ನು ಮಕ್ಕಳಿಗೆ ಚಿಮ್ಮಟದಿಂದ ಬೆರಳ ಗಂಟಿಗೆ ಹೊಡೆದು ಕಲಿಸಿದ್ದರು. ಕಲಿಸಿದ್ದು ಗಡಿಯಾರಕ್ಕೆ, ಆದರೆ ಮಕ್ಕಳು ಕಲಿತದ್ದು ಜಗತ್ತಿಗೆಲ್ಲ. ಚಹಾ ಕದಡುವುದು ಮುಳ್ಳು ತಿರುಗುವ ದಿಕ್ಕಿಗೇ, ಮೇಜು ಒರೆಸುವುದು ಆ ದಿಕ್ಕಿಗೇ, ಕಳೆದ ಕನ್ನಡಕ ಹುಡುಕುತ್ತಾ ಮನೆ ಸುತ್ತುವುದೂ ಆ ದಿಕ್ಕಿಗೇ. ಬಾಟಲಿಯ ಮುಚ್ಚಳ ಬಿಚ್ಚುವಾಗ ಮಾತ್ರ ಬೇರೆ ದಾರಿಯಿಲ್ಲದೆ ಮುಖ ಕಿವುಚಿಕೊಂಡು ತಿರುಗಿಸುತ್ತಾರೆ. ನಾದಿನಿ ಮರುಮಾತಿಲ್ಲದೆ ಎಡಗಡೆಗೆ ಒಪ್ಪಿದ್ದು ನನ್ನ ಮಾತಿಗೆ ಬೆಲೆ ಕೊಟ್ಟಲ್ಲ. ನಾನು ಬಲಗಡೆ ಅಂದಿದ್ದರೂ ಅವಳು ಎಡಕ್ಕೇ ಹೋಗುತ್ತಿದ್ದಳು.

"ಯಾವ ಕಡೆಯಿಂದ ಹೋದ್ರೂ ಇಲ್ಲಿಗೇ ಬರ್ತೀರಿ," ಅಂದ ಕಾವಲುಗಾರ ಕಣ್ಣು ತೆರೆಯದೆ.

"ನೀವು ಸುಮ್ಮನಿರಿ," ಅಂದೆವು ನಾವಿಬ್ಬರೂ.

ಗಂಡ ಏಳರ ಕಡೆಗೆ ಹೊರಟೇಬಿಟ್ಟ. ಮುಂದೆ ತಂಗಿ, ಮುಕ್ಕಾಲು ಗಂಟೆ ಹಿಂದೆ ಅಣ್ಣ, ಇಬ್ಬರೂ ಒಂದೇ ದಿಕ್ಕಿಗೆ. ಹೀಗೆ ಇವರು ವರ್ಷವಿಡೀ ಸುತ್ತಿದರೂ ಸಿಗುವುದಿಲ್ಲ. ಉಳಿದದ್ದು ಒಂದೇ ದಾರಿ. ನಾನು ಬಲಗಡೆಯಿಂದ ಓಡಿ ನಾದಿನಿಯನ್ನು ಎದುರುಗೊಂಡು, ಅಣ್ಣ ಬರುವವರೆಗೆ ಅವಳನ್ನು ತಡೆದು ನಿಲ್ಲಿಸಬೇಕು. ನಮ್ಮ ಮನೆಯಲ್ಲಿ ಹಿಟ್ಟನ್ನು ಯಾವ ಕಡೆಗೆ ನಾದಿದರೂ ಬ್ರೆಡ್ಡು ಉಬ್ಬುತ್ತದೆ. ಮಂಡಿಯ ಸುಳ್ಳುನೋವು ಅಲ್ಲೇ ಬಿಟ್ಟು ಐದರ ಕಡೆಗೆ ಹೊರಟೆ.

ಸುಳ್ಳುನೋವು ಅರ್ಧ ಗಂಟೆಯಲ್ಲಿ ನಿಜವಾಯಿತು. ದಾರಿಯೆಲ್ಲ ಏರು. ಎರಡೂ ಕಡೆ ಮರಗಳು ಹಳದಿ, ಕೆಂಪು, ತಾಮ್ರ; ಬಿಸಿಲು ಬಿದ್ದರೆ ನಿಜಕ್ಕೂ ಕಣ್ಣು ತುಂಬುವ ಹಾಗಿತ್ತು, ಆದರೆ ನನಗೆ ನೋಡುವ ವ್ಯವಧಾನವಿರಲಿಲ್ಲ. ಎದುರು ಬಂದವರೆಲ್ಲ ನಗುಮುಖದಿಂದ "ಎಷ್ಟು ಚೆನ್ನಾಗಿದೆ ಅಲ್ವಾ?" ಅನ್ನುತ್ತಿದ್ದರು. ಅವರಿಗೆಲ್ಲ ಏದುಸಿರಿನಲ್ಲೇ ತಲೆಯಾಡಿಸಿ, ಮನಸ್ಸಿನಲ್ಲೇ ಬಯ್ಯುತ್ತಾ ಎಪ್ಪತ್ತೆಂಟು ಕಿಲೋ ಮೈಯನ್ನು ಹೊತ್ತು ನಡೆದೆ.

ನಾದಿನಿ ಸಿಕ್ಕಿದ್ದು ಸರಪಳಿಯ ಇಕ್ಕಟ್ಟು ಶುರುವಾಗುವಲ್ಲಿ. "ಬಂದ್ಯಾ ಅತ್ತಿಗೆ? ನಡಿ ಮುಂದೆ," ಅಂದಳು.

ನಾನು ದಾರಿಗೆ ಅಡ್ಡ ಕಾಲು ಚಾಚಿ ಕೂತುಬಿಟ್ಟೆ. ಮೊದಲು ಬೇಯಿಸಿದ ಮೊಟ್ಟೆ ಸುಲಿದೆ, ನಿಧಾನವಾಗಿ. ಆಮೇಲೆ ಕಿತ್ತಳೆ, ಇನ್ನೂ ನಿಧಾನವಾಗಿ. ಆಮೇಲೆ ಮಂಡಿಯ ಕಥೆ, ನನ್ನ ತಾಯಿಯ ಮಂಡಿಯ ಕಥೆ. ನಾದಿನಿ ಬುದ್ಧಿವಂತೆ. ಕಿತ್ತಳೆಯ ನಾರನ್ನೂ ಒಂದೊಂದಾಗಿ ಬಿಡಿಸುತ್ತಿದ್ದ ನನ್ನನ್ನೇ ನೋಡಿ, "ಏನು ಹೂಡಿದೀಯ?" ಅಂದಳು. ಅಷ್ಟರಲ್ಲಿ ಅವಳ ಬೆನ್ನ ಹಿಂದಿನ ತಿರುವಿನಲ್ಲಿ ನನ್ನ ಗಂಡನ ಟೋಪಿ ಕಂಡಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಮುಖವೂ ಒಂದೇ ಅಚ್ಚಿನಲ್ಲಿ ಗಂಟಿಕ್ಕಿತು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

"ಅವಳಿಗೆ ದಾರಿ ಬಿಡೋಕೆ ಹೇಳು," ಅಂದ ಗಂಡ.

"ದಾರಿಗೆ ಅಡ್ಡ ಕೂತಿರೋದು ನಾನಲ್ಲ, ಅವನ ಹೆಂಡ್ತಿ ಅಂತ ಹೇಳು," ಅಂದಳು ನಾದಿನಿ.

ನನ್ನ ಪಿತ್ತ ನೆತ್ತಿಗೇರಿತು. "ಹೇಳಲ್ಲ," ಅಂದೆ. "ಇವತ್ತಿಂದ ಒಂದಕ್ಷರ ಹೊರಲ್ಲ. ನಾಳೆ ಆ ಗೋಪುರದಲ್ಲಿ ಯಾರಾದ್ರೂ ಸತ್ರೆ ಆ ಪಾಪ ನನ್ನ ತಲೆಗೆ ಬೇಡ. ಇಲ್ಲೇ, ಈಗಲೇ ಮಾತಾಡಿ. ಇಲ್ಲ ಅಂದ್ರೆ ನಾನು ನಾಳೆಯಿಂದ ಬೇಕರಿಗೆ ವಾಪಸ್ ಹೋಗ್ತೀನಿ, ನೀವಿಬ್ಬರೂ ಒಂದು ಗಿಳಿ ಸಾಕಿಕೊಳ್ಳಿ!"

ಹೀಗೆ ಗುಡುಗಿ, ದಡಬಡ ಎದ್ದು, ಗತ್ತಿನಿಂದ ತಿರುಗಿ ಹೊರಟೆ. ಗತ್ತು ಎರಡು ಹೆಜ್ಜೆ ನಡೆಯಿತು. ಮೂರನೆಯ ಹೆಜ್ಜೆ ಒಣಎಲೆಯ ರಾಶಿಯ ಮೇಲೆ ಬಿತ್ತು. ಎಲೆಯ ಕೆಳಗೆ ನೆಲವಿರಲಿಲ್ಲ.

ಜಾರುಬಂಡೆಯಲ್ಲಿ ಕೂತ ಮಗುವಿನ ಹಾಗೆ ಒಂದಾಳುದ್ದ ಕೆಳಗೆ ಜಾರಿ ಒಂದು ಬೇರಿಗೆ ಸಿಕ್ಕಿಕೊಂಡೆ. ಬೇರು ನನ್ನ ಕಂಕುಳಲ್ಲಿ, ಕಾಲು ಗಾಳಿಯಲ್ಲಿ. ಕೆಳಗೆ ನೋಡಿದೆ, ನೋಡಬಾರದಿತ್ತು.

ಮೇಲೆ ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದರು. ನನ್ನ ಗಂಡ ನನ್ನ ಮಣಿಕಟ್ಟು ಹಿಡಿದ. ಹಿಡಿದವನೇ ನನ್ನ ಮುಖ ನೋಡಿ ಕೂಗಿದ: "ಅವಳಿಗೆ ನನ್ನ ಕಾಲು ಗಟ್ಟಿಯಾಗಿ ಹಿಡಿಯೋಕೆ ಹೇಳು!"

ನಾಚಿಕೆ ಬಿಟ್ಟು ಹೇಳುತ್ತೇನೆ, ಅಭ್ಯಾಸಬಲದಿಂದ ನಾನು ಹೇಳಲು ಬಾಯಿ ತೆರೆದಿದ್ದೆ. ಆಮೇಲೆ ನಮ್ಮ ಬೇಕರಿಯ ಒಲೆಯ ಮುಂದೆ ಕಲಿತ ಬೈಗುಳವನ್ನೆಲ್ಲ ಇಬ್ಬರ ಮೇಲೂ ಸುರಿದೆ. ಸುರಿಯುತ್ತಿರುವಾಗಲೇ ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ಅವನ ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. ಹೆದರಿಕೆಗೆ ಅಂದುಕೊಂಡೆ. ನಾದಿನಿ ಹಾಗೆ ಅಂದುಕೊಳ್ಳಲಿಲ್ಲ. ಕೂದಲೆಳೆಯಷ್ಟು ತಿರುಪನ್ನು ನೋಡುವ ಕಣ್ಣು ಅವಳದು. ಒಂದು ಕ್ಷಣ ಆ ಕೈಯನ್ನೇ ನೋಡಿ, ನನ್ನ ಮಣಿಕಟ್ಟನ್ನು ತಾನು ಹಿಡಿದಳು.

"ನೀನು ಬಿಡು," ಅಂದಳು ಅಣ್ಣನಿಗೆ. "ಹಿಂದೆ ಸರಿ. ಸರಪಳಿಗೆ ಕಾಲು ಸಿಕ್ಕಿಸಿ ನನ್ನ ಸೊಂಟ ಹಿಡ್ಕೋ. ಕೈಯಲ್ಲಿ ಹಿಡೀಬೇಡ, ತೋಳಲ್ಲಿ ಬಳಸು. ನಾನು ಎಳೀತೀನಿ."

"ಹಿಡಿದೆ."

"ಗಟ್ಟಿ ಇದೆಯಾ?"

"ಗಟ್ಟಿ ಇದೆ. ಎಳಿ."

"ಎಳೀತಿದೀನಿ. ನಿಲ್ಲು. ನಿಲ್ಲು! ಹಾಂ, ಈಗ ಹಿಂದಕ್ಕೆ ಬಾ, ನಿಧಾನ. ಇನ್ನೊಂದು ಸ್ವಲ್ಪ."

ಹದಿನಾಲ್ಕು ತಿಂಗಳಿಂದ ಯಾವುದಕ್ಕಾಗಿ ಒದ್ದಾಡಿದ್ದೆನೋ ಅದು ನನ್ನ ತಲೆಯ ಮೇಲೆ ಸರಾಗವಾಗಿ ನಡೆಯುತ್ತಿತ್ತು. ನನ್ನ ಬಾಯೊಳಗೆ ಮಣ್ಣು ತುಂಬಿತ್ತು. ಮೊದಲು ಎದೆ, ಆಮೇಲೆ ಹೊಟ್ಟೆ, ಕೊನೆಗೆ ಮಂಡಿ ದಾರಿಯ ಮೇಲೆ ಬಂದವು. ಮೂವರೂ ಬಂಡೆಗೆ ಒರಗಿ ಕೂತೆವು. ನಾನು ಬಾಯೊಳಗಿನ ಮಣ್ಣು ಉಗುಳಿದೆ.

"ಎಷ್ಟು ದಿನ ಆಯ್ತು?" ಅಂದಳು ನಾದಿನಿ. ನನಗೆ ಅರ್ಥವಾಗಲಿಲ್ಲ. ಅವನಿಗೆ ಆಯಿತು.

"ಎರಡು ವರ್ಷ ಆಗ್ತಾ ಬಂತು."

"ತೋರಿಸು."

ಅವನು ಬಲಗೈ ಚಾಚಿದ. ಗಾಳಿಯಿರಲಿಲ್ಲ, ಚಳಿಯಿರಲಿಲ್ಲ, ಹೆದರಿಕೆ ಮುಗಿದಿತ್ತು. ಕೈ ಮಾತ್ರ ನಡುಗುತ್ತಲೇ ಇತ್ತು. ಅವನು ಸಣ್ಣ ಗಡಿಯಾರಗಳನ್ನೆಲ್ಲ ತಂಗಿಯ ಕಡೆಗೆ ತಳ್ಳಿ, "ನನಗೆ ಈ ಕಾಟ ಬೇಡ, ಗೋಡೆಗಡಿಯಾರ ಮಾತ್ರ ಕೊಡು," ಅನ್ನುತ್ತಿದ್ದಾಗ ನಾನು ಅದನ್ನು ಕೊಬ್ಬು ಅಂದುಕೊಂಡಿದ್ದೆ.

"ಡಾಕ್ಟರ ಗಡಿಯಾರ ಯಾಕೆ ಬಿಚ್ಚಿದೆ?"

ಅವನು ಉದುರುವ ಎಲೆಗಳನ್ನು ನೋಡುತ್ತಾ ಹೇಳಿದ: "ನನ್ನ ಕೈಯಲ್ಲಿ ಇನ್ನೂ ಆಗುತ್ತಾ ಅಂತ ನೋಡೋಕೆ. ಎಲ್ಲ ಬಿಚ್ಚಿದೆ. ಏನಾದ್ರೂ ಒಂದು ತಪ್ಪು ಸಿಗ್ಲಿ ಅಂತ ಹುಡುಕಿದೆ. ಸಿಗ್ಲಿಲ್ಲ. ವಾಪಸ್ ಜೋಡಿಸೋಕೆ ಬೆಳಗಿನ ಜಾವ ಆಯ್ತು. ಹೊಟ್ಟೆಕಿಚ್ಚು ತಡೀಲಾರದೆ ಗೀರಿದೆ."

"ಆ ಗೀರು ಸೊಟ್ಟಗಿತ್ತು," ಅಂದಳು ನಾದಿನಿ. "ನನ್ನ ಮೇಲೆ ಕೋಪ ಬಂದು ಹಾಗೆ ಗೀರಿದೀಯ ಅಂದ್ಕೊಂಡಿದ್ದೆ." ಅವಳ ಧ್ವನಿ ಒಡೆಯಿತು. ನನಗೂ ಅಳು ಬಂತು, ಮಣ್ಣು ಮೆತ್ತಿದ ಮುಖದಲ್ಲಿ ಅದು ಯಾರಿಗೂ ಕಾಣಲಿಲ್ಲ.

"ಗೋಪುರದಲ್ಲೂ..." ಅಂದ ಅವನು. ನನ್ನ ಕಡೆ ನೋಡಲಿಲ್ಲ. "ಸೀನಿಗಲ್ಲ ಗುಂಡು ಬಿದ್ದಿದ್ದು. ನನ್ನ ಕೈಯಿಂದ ಹಿಡಿಕೆ ಜಾರ್ತು."

ಮೂರು ರಾತ್ರಿ ನಾನು ಪಕ್ಕದಲ್ಲಿ ಹೊರಳಾಡುತ್ತಿದ್ದಾಗ ಈ ಮನುಷ್ಯ ಗೋಡೆಯ ಕಡೆ ತಿರುಗಿ ಮಲಗಿದ್ದ. ಈ ಮಾತು ಕೇಳಿದಾಗ ಒಂದು ತಪರಾಕಿ ಕೊಡಬೇಕು ಅನ್ನಿಸಿದ್ದು ಸುಳ್ಳಲ್ಲ. ಕೊಡಲಿಲ್ಲ, ದಾರಿ ಇಕ್ಕಟ್ಟಾಗಿತ್ತು.

ಅವನೇ ಮತ್ತೆ ಹೇಳಿದ: "ನಾಳೆ ಮೇಲೆ ನೀನು ಹತ್ತು. ಹಿಡಿಕೆ ನಿನ್ನ ಕೈಯಲ್ಲಿರ್ಲಿ. ಕೆಳಗೆ ನಾನು ನಿಲ್ತೀನಿ."

ಮೂವತ್ತು ವರ್ಷಗಳಲ್ಲಿ ಅವನು ಆ ಹಿಡಿಕೆಯನ್ನು ಬೇರೆಯವರಿಗೆ ಮುಟ್ಟಲು ಬಿಟ್ಟಿರಲಿಲ್ಲ. ಗುಂಡಿನ ಕೆಳಗೆ ನಿಂತಿರಲೂ ಇಲ್ಲ. ನಾದಿನಿ ಕಣ್ಣೊರೆಸಿಕೊಂಡು ಎದ್ದಳು.

"ಕೆಳಗೆ ನಿಂತೋರು ಬಾಯಿ ಮುಚ್ಚಿಕೊಂಡಿರಬಾರದು," ಅಂದಳು. "ಪ್ರತಿ ಸುತ್ತಿಗೂ ಕೂಗಬೇಕು."

"ಕೂಗ್ತೀನಿ."

"ಮತ್ತೆ ಆ ಕೈ ಡಾಕ್ಟರಿಗೆ ತೋರಿಸ್ತೀಯ."

"ತೋರಿಸ್ತೀನಿ."

ನಾನು ಬಂದ ದಾರಿಯಲ್ಲೇ ನನ್ನನ್ನು ವಾಪಸು ನಡೆಸಿದರು. ಅವರ ಲೆಕ್ಕದಲ್ಲಿ ಅದೇ ಮುಂದಕ್ಕೆ. ಇಡೀ ದಾರಿ ಇಬ್ಬರೂ ಹಗ್ಗ, ರಾಟೆ, ದಿಮ್ಮಿ ಅಂತ ಮಾತಾಡುತ್ತಲೇ ಇದ್ದರು. ನಾನು ಹಿಂದೆ ಕುಂಟುತ್ತಾ ಬಂದೆ. ಎರಡು ಸಲ ಮಧ್ಯೆ ಬಾಯಿ ಹಾಕಲು ಹೋದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಬಸ್‌ಸ್ಟಾಪಿನಲ್ಲಿ ನಾದಿನಿ ಮುಖ ತೊಳೆಯಲು ನಲ್ಲಿಯ ಕಡೆ ಹೋದಳು. ಬೆಂಚಿನ ಮೇಲೆ ನಾವಿಬ್ಬರೇ. ದಾರಿಯುದ್ದಕ್ಕೂ ಹಲ್ಲಿನಡಿ ಹಿಡಿದಿಟ್ಟುಕೊಂಡಿದ್ದನ್ನು ಆಗ ಕೇಳಿದೆ.

"ಅವಳಿಗೆ ಹೇಳದಿದ್ದದ್ದು ಸರಿ, ಜಗಳ ಇತ್ತು. ನನಗ್ಯಾಕೆ ಹೇಳ್ಲಿಲ್ಲ?"

ಅವನಿಗೆ ಯೋಚಿಸಬೇಕಾಗಿಯೂ ಬರಲಿಲ್ಲ. "ನಿನಗೆ ಹೇಳಿದ್ರೆ ಅವಳಿಗೆ ಹೇಳಿದ ಹಾಗೇ ಅಲ್ವೇನೇ," ಅಂದ. "ನಿನ್ನ ಕಿವಿಗೆ ಬಿದ್ದಿದ್ದೆಲ್ಲ ಆ ಕಡೆ ಹೋಗ್ತಿತ್ತು."

ಚುಚ್ಚಿ ಹೇಳಿದ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಇಬ್ಬರ ಮಾತನ್ನೂ ಹೊತ್ತು ಹೊತ್ತು ನಾನು ಎಲ್ಲ ಬಲ್ಲವಳು ಅಂದುಕೊಂಡಿದ್ದೆ. ಒಂದು ಗುಟ್ಟು ನಂಬಿ ಇಡಲು ಆ ಮನೆಯಲ್ಲಿ ಅವನಿಗೆ ಯಾರೂ ಇರಲಿಲ್ಲ, ನಾನೂ ಇರಲಿಲ್ಲ. ಅವನ ಬಲಗೈಯನ್ನು ಎಳೆದು ನನ್ನ ಮಡಿಲಿನಲ್ಲಿಟ್ಟು ಎರಡೂ ಕೈಯಿಂದ ಮುಚ್ಚಿ ಹಿಡಿದುಕೊಂಡೆ. ಅದು ಒಳಗೆ ನಡುಗುತ್ತಲೇ ಇತ್ತು, ಬಸ್ಸು ಬರುವವರೆಗೂ ನಾನು ಬಿಡಲಿಲ್ಲ.